ರದ್ದಿಯಲ್ಲಿ ಬಂದ ವಂಶವೃಕ್ಷ

ಜನವರಿ 9, ಮಂಗಳವಾರ

ಅಪ್ಪ ಕುಡುಕನಾಗಿರಲಿಲ್ಲ. ಇವತ್ತು ಅದು ಖಚಿತವಾಯಿತು. ಅಪ್ಪನ ಪಾಲಿಗೆ ಬಂದ ಒಳ್ಳೆಯ ಸುದ್ದಿ ಅದೊಂದೇ, ಅದನ್ನು ಕೇಳಲು ಅಪ್ಪನೇ ಇಲ್ಲ. ಅಪ್ಪ ತೂರಾಡುತ್ತ ಬರುವಾಗ ಬೀದಿ ಹುಡುಗರು ಬಾಟಲಿ ಎತ್ತಿದ ಹಾಗೆ ಅಣಕಿಸುತ್ತಿದ್ದರು, ಅಮ್ಮ ನಾಚಿಕೆಯಿಂದ ಕಿಟಕಿ ಮುಚ್ಚುತ್ತಿದ್ದಳು. ಅದು ಹೆಂಡದ ಕೆಲಸವಲ್ಲ, ನರದ ರೋಗ. ಈಗ ಅದೇ ರೋಗ ಅಣ್ಣನಿಗೆ.

ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಗಂಡಸಾದರೆ ಚೌಕ, ಹೆಂಗಸಾದರೆ ದುಂಡು. ರೋಗ ಇದ್ದವರದಕ್ಕೆ ಮಸಿ ತುಂಬುತ್ತಾರೆ. ಅಪ್ಪನ ಚೌಕಕ್ಕೆ ಮಸಿ. ಅದರ ಕೆಳಗೆ ಅಣ್ಣನ ಚೌಕ, ಅದಕ್ಕೂ ಮಸಿ. ಪಕ್ಕದಲ್ಲಿ ನನ್ನ ದುಂಡು, ಒಳಗೊಂದು ಪ್ರಶ್ನೆಯ ಗುರುತು. ನನ್ನಿಂದ ಕೆಳಗಿಳಿದ ಗೆರೆಯ ತುದಿಯಲ್ಲಿ ಪುಟ್ಟ ದುಂಡು, ನನ್ನ ಮಗಳು. ಒಬ್ಬೊಬ್ಬರ ಪಕ್ಕದಲ್ಲೂ ಹೆಸರು, ವಯಸ್ಸು. ನಮ್ಮ ಇಡೀ ಮನೆತನ ಅಂಗೈ ಅಗಲದ ಜಾಗದಲ್ಲಿ ಮುಗಿದುಹೋಯಿತು.

"ನಿಮಗೆ ಬರಬಹುದು, ಬರದೆಯೂ ಇರಬಹುದು. ಅರ್ಧಕ್ಕರ್ಧ," ಎಂದರು ಡಾಕ್ಟರು. "ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ. ಮಾಡಿಸಲೇಬೇಕು ಅಂತ ಏನಿಲ್ಲ, ತಿಳ್ಕೊಳ್ಳೋದು ಬಿಡೋದು ನಿಮ್ಮಿಷ್ಟ. ನಿಮಗಿಲ್ಲ ಅಂದ್ರೆ ಮಗಳಿಗೂ ಇರಲ್ಲ. ಅವಳನ್ನಂತೂ ಹದಿನೆಂಟು ತುಂಬೋವರೆಗೆ ನಾವು ಪರೀಕ್ಷೆ ಮಾಡಲ್ಲ. ಆಮೇಲೆ ಅವಳೇ ತೀರ್ಮಾನ ಮಾಡ್ಕೊಳ್ಳಲಿ."

ಬೇಡ ಎಂದೆ. ಮಸಿ ಬೀಳುವುದೇ ಆದರೆ ಬೀಳುವ ದಿನ ಬೀಳಲಿ. ಅಲ್ಲಿಯವರೆಗಿನ ದಿನಗಳು ನನ್ನವು. ಮದ್ದೇ ಇಲ್ಲದ ರೋಗದ ಹೆಸರನ್ನು ಮುಂಗಡವಾಗಿ ಕೇಳಿ ಏನು ಮಾಡಲಿ?

ಅಣ್ಣ ಹೊರಗೆ ಬೆಂಚಿನ ಮೇಲೆ ಕೂತು ತನ್ನ ಬೂಟು ನೋಡುತ್ತಿದ್ದ. "ಮಗೂಗೆ ಗೊತ್ತಾಗೋದು ಬೇಡ ಕಣೇ. ಇನ್ನೂ ಹದಿನಾಲ್ಕು. ಓಡ್ಕೊಂಡು ಆಡ್ಕೊಂಡು ಇರ್ಲಿ," ಎಂದ.

"ನನ್ನ ಬಾಯಿ ಅಂದ್ರೆ ನೀನು ಕಪ್ ಬೇಯಿಸೋ ಭಟ್ಟಿ ಬಾಗಿಲು ಕಣೋ. ಉರೀತಿರುವಾಗ ತೆಗೆಯಲ್ಲ," ಎಂದೆ.

ನಕ್ಕ. ಇವತ್ತು ಅವನು ನಕ್ಕಿದ್ದು ಆಗ ಮಾತ್ರ.

ಜನವರಿ 11, ಗುರುವಾರ

ನಮ್ಮ ಪಿಂಗಾಣಿ ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗಿಗೆ ಕಪ್‌ಗಳ ಅಂಚು ಬರೆಯುವುದನ್ನು ಕಲಿಸಲು ಮೇಸ್ತ್ರಿ ನನಗೇ ಒಪ್ಪಿಸಿದ್ದಾನೆ. ಪಾಪ, ಅವಳು ಕುಂಚ ಹಿಡಿದು ಕಪ್‌ನ ಸುತ್ತ ತಾನೇ ಸುತ್ತಲು ನೋಡುತ್ತಾಳೆ. "ಕೈ ಓಡಬಾರದು ಕಣೇ. ಕಪ್ ತಿರುಗ್ಲಿ, ನೀನು ಕಲ್ಲಾಗು," ಎಂದೆ. ತಿರುಗುವ ಮಣೆಯ ಮೇಲೆ ಕಪ್ ಇಟ್ಟು, ಕುಂಚದ ತುದಿಯನ್ನು ಅಂಚಿಗೆ ಮುಟ್ಟಿಸಿ ಸುಮ್ಮನಿದ್ದೆ. ಒಂದೇ ಸುತ್ತು, ಒಂದೇ ಗೆರೆ. ಎಲ್ಲಿ ಶುರುವಾಯಿತೆಂದು ಹುಡುಕಿದರೂ ಸಿಗಬಾರದು.

ಬರೆಯುವಾಗ ಅದು ಕೆಸರಿನ ಬಣ್ಣ. ಅಣ್ಣನ ಭಟ್ಟಿಯಲ್ಲಿ ಬೆಂದು ಬಂದಾಗ ಚಿನ್ನ. ಇಷ್ಟು ವರ್ಷ ನಾನು ಬರೆದೆ, ಅವನು ಬೇಯಿಸಿದ.

ಹುಡುಗಿ ನನ್ನ ಕೈಯನ್ನೇ ನೋಡುತ್ತ ಬಾಯಿ ತೆರೆದು ನಿಂತಿದ್ದಳು. ಜಂಬ ಪಟ್ಟೆ. ಯಾಕೆ ಪಡಬಾರದು?

ಜನವರಿ 23, ಮಂಗಳವಾರ

ಅಣ್ಣ ತಾನಾಗಿಯೇ ಮೇಸ್ತ್ರಿಯ ಹತ್ತಿರ ಹೋಗಿ, ಭಟ್ಟಿಯ ಮುಂದೆ ನಿಲ್ಲುವುದು ಇನ್ನು ಕ್ಷೇಮವಲ್ಲ, ಕಾಲು ತಪ್ಪುತ್ತದೆ, ಚಿಕಿತ್ಸೆಗೆ ರಜೆ ಬೇಕು ಎಂದು ಹೇಳಿದ. ಎಷ್ಟು ಜನ ಹಾಗೆ ಹೇಳುತ್ತಾರೆ? ಆಫೀಸಿಗೆ ನಾನೂ ಜೊತೆಗೆ ಹೋದೆ.

ಗುಮಾಸ್ತನಿಗೆ ಡಾಕ್ಟರ ಚೀಟಿ ಸಾಲದು. "ಪೂರ್ತಿ ಫೈಲ್ ಬೇಕು," ಎಂದ.

"ನರದ ತೊಂದರೆ, ವಿಶ್ರಾಂತಿ ಬೇಕು ಅಂತ ಬರೆದಿದ್ದಾರಲ್ಲ ಸ್ವಾಮಿ. ಇನ್ನೇನು ಬೇಕು?" ಎಂದ ಅಣ್ಣ.

"ನನಗೇನೂ ಬೇಡಪ್ಪ. ಮೇಲಿನವರು ಕೇಳ್ತಾರೆ."

ಈ ಮೇಲಿನವರು ಯಾರು ಎಂದು ಇವತ್ತಿನವರೆಗೆ ಯಾರೂ ಕಂಡವರಿಲ್ಲ. ಅಣ್ಣ ಫೈಲು ಕೊಟ್ಟ. ಅದರೊಳಗೆ ಆ ಚಿತ್ರವೂ ಇತ್ತು. ನಕಲು ತೆಗೆಯುವ ಯಂತ್ರ ಕಾಗದ ಅಗಿಯುತ್ತಿತ್ತು, ಅರ್ಧ ಮಸಿ, ಅರ್ಧ ಬಿಳಿ. ಕೆಟ್ಟ ಪ್ರತಿಗಳನ್ನು ಗುಮಾಸ್ತ ಗೊಣಗುತ್ತ ಪಕ್ಕದ ಬುಟ್ಟಿಗೆ ಎಸೆದ. ಒಳ್ಳೆಯದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, "ನೋಡಿದ್ರಾ? ಇಲ್ಲಿಗೆ ಬಂದ್ರೆ ಬ್ಯಾಂಕಿಗೆ ಬಂದ ಹಾಗೆ," ಎಂದ.

ಬೀಗ ನೋಡಿ ಸಮಾಧಾನವಾಯಿತು.

ಫೆಬ್ರವರಿ 2, ಶುಕ್ರವಾರ

ಕೈ ನಡುಗುತ್ತಿದೆ. ಸಿಟ್ಟಿಗೆ. ಸಿಟ್ಟಿಗೆ ಎಂದು ಸ್ಪಷ್ಟವಾಗಿ ಬರೆದಿಡುತ್ತೇನೆ.

ಮಧ್ಯಾಹ್ನ ಪ್ಯಾಕಿಂಗ್ ಕೋಣೆಗೆ ಹೋದೆ. ಅಲ್ಲಿ ಉದ್ದನೆಯ ಮೇಜಿನ ಸುತ್ತ ಹೆಂಗಸರು ಕೂತು ಕಪ್‌ಗಳ ಹೊಟ್ಟೆಗೆ ರದ್ದಿ ಕಾಗದ ತುರುಕುತ್ತಾರೆ, ದಾರಿಯಲ್ಲಿ ಒಡೆಯದಿರಲಿ ಎಂದು. ನಾನು ಕಾಲಿಟ್ಟದ್ದೇ ಮಾತು ನಿಂತಿತು. ಆ ಕೋಣೆಯಲ್ಲಿ ಮಾತು ನಿಲ್ಲುವುದೆಂದರೆ ನಲ್ಲಿಯಲ್ಲಿ ನೀರು ನಿಂತ ಹಾಗೆ, ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ಅಲ್ಲಿನ ಹಿರಿಯಳನ್ನು ನಾವೆಲ್ಲ ರೇಡಿಯೊ ಅಕ್ಕ ಎನ್ನುತ್ತೇವೆ, ಅವಳ ಎದುರಿಗೇ. ಅವಳು ಎದ್ದು ಬಂದು ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, ಏಪ್ರನ್ನಿನ ಜೇಬಿನಿಂದ ಮಡಿಸಿದ ಕಾಗದ ತೆಗೆದಳು. "ಇದು ನಿಮ್ಮ ಮನೇದಲ್ವೇನೇ? ಕಪ್‌ಗೆ ತುರುಕೋಕೆ ಮನಸ್ಸು ಬರ್ಲಿಲ್ಲ," ಎಂದಳು.

ಮುದುರಿದ್ದನ್ನು ಕೈಯಿಂದ ತೀಡಿ ಸಪಾಟು ಮಾಡಿದ್ದಳು. ಅಪ್ಪನ ಚೌಕ, ಅಣ್ಣನ ಚೌಕ, ನನ್ನ ದುಂಡು. ನನ್ನ ಮಗಳ ಹೆಸರು.

"ಯಾರ್ಯಾರು ನೋಡಿದ್ರು?" ಎಂದೆ.

"ಹೊರಗಿನವರಿಗೆ ಒಬ್ರಿಗೂ ಹೇಳಿಲ್ಲ, ನಿನ್ನಾಣೆ. ನಮ್ಮವರಿಗೆ ಮಾತ್ರ."

ನಮ್ಮವರು! ಈ ಕಾರ್ಖಾನೆಯಲ್ಲಿ ಅವಳಿಗೆ ನಮ್ಮವರಲ್ಲದವರು ಯಾರಿದ್ದಾರೆ? ಗೇಟಿನ ಕಾವಲಿನವನೂ ನಮ್ಮವನೇ, ಅವನ ಅತ್ತೆಯೂ ನಮ್ಮವಳೇ.

"ಇಂಥದ್ದು ಇನ್ನೂ ಇದ್ವಾ?"

"ಇದ್ವೇನೋ ತಾಯಿ. ಕೈಗೆ ಸಿಕ್ಕಿದ್ದು ತುರುಕ್ತಾ ಹೋಗ್ತೀವಿ. ಓದ್ತಾ ಕೂರೋಕಾಗುತ್ತಾ?" ಎಂದು ಹೇಳಿ ನನ್ನ ಕೈ ಹಿಡಿದುಕೊಂಡು ಅತ್ತಳು. ನಿಜವಾಗಿಯೂ ಅತ್ತಳು. ಬಯ್ಯಲು ಬಾಯಿ ತೆರೆದವಳು ಅವಳ ಬೆನ್ನು ಸವರಿ ಬಂದೆ. ಇದೆಂಥ ಅನ್ಯಾಯ?

ಫೆಬ್ರವರಿ 3, ಶನಿವಾರ

ಗುಮಾಸ್ತನ ಮೇಜಿನ ಮೇಲೆ ಆ ಕಾಗದ ಇಟ್ಟೆ. ಅವನು ಮೊದಲು ಕಪಾಟಿನ ಬೀಗ ಎಳೆದು ನೋಡಿದ. ಬೀಗ ಭದ್ರವಾಗಿತ್ತು! ಆಮೇಲೆ ಬುಟ್ಟಿ ನೋಡಿದ. ಮುಖ ಬಿಳಿಚಿಕೊಂಡಿತು.

"ಆಫೀಸಿನ ರದ್ದಿ ಪ್ಯಾಕಿಂಗಿಗೆ ಹೋಗೋದು ನಾನು ಸೇರಿದಾಗಿನಿಂದ ನಡೀತಿದೆಯಮ್ಮ. ಬೇರೆ ಕಾಗದ ಕೊಂಡರೆ ಖರ್ಚು ಅಂತಾರೆ. ಇಷ್ಟು ವರ್ಷ ಯಾರು ಓದಿದ್ರು ಅದನ್ನ?"

"ಈಗ ಓದಿದ್ರಲ್ಲ."

"ತಪ್ಪಾಯ್ತು. ಏನ್ಮಾಡ್ಲಿ ಹೇಳಿ, ಮಾಡ್ತೀನಿ."

ಏನು ಮಾಡಲು ಹೇಳಲಿ? ಓದಿದವರ ಕಣ್ಣು ತೊಳೆದು ಬಾ ಎನ್ನಲೇ? ಉಗ್ರಾಣಕ್ಕೆ ಹೋಗಿ ಆ ವಾರದ ಪೆಟ್ಟಿಗೆಗಳು ಎಲ್ಲಿ ಎಂದು ಕೇಳಿದೆ. ಲಾರಿ ಹತ್ತಿ ಹೋಗಿವೆ. ಯಾವ ಪೆಟ್ಟಿಗೆಯ ಯಾವ ಕಪ್‌ನಲ್ಲಿ ಯಾವ ಕಾಗದ ಎಂದು ಯಾರಿಗೆ ಗೊತ್ತು? ಇಲ್ಲದೆಯೂ ಇರಬಹುದು, ಇರಲೂಬಹುದು. ಅರ್ಧಕ್ಕರ್ಧ.

ಎಲ್ಲೋ ಯಾರೋ ಹೊಸ ಕಪ್ ತೆಗೆದು, ಒಳಗಿನ ಕಾಗದ ಬಿಡಿಸಿ, ನನ್ನ ಮಗಳ ಹೆಸರನ್ನೂ ವಯಸ್ಸನ್ನೂ ಓದುತ್ತಾರೆ. ಆಮೇಲೆ ಆ ಕಪ್ ತೊಳೆದು ಚಹಾ ಕುಡಿಯುತ್ತಾರೆ. ಅಂಚು ನಾನೇ ಬರೆದದ್ದು.

ಫೆಬ್ರವರಿ 8, ಗುರುವಾರ

ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದಾರೆ. ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ ಮೆರುಗಿನ ವಿಭಾಗದವಳು ನನಗಾಗಿ ಬಾಗಿಲು ಹಿಡಿದು ನಿಲ್ಲುತ್ತಾಳೆ. ಮೆಟ್ಟಿಲು ಇಳಿಯುವಾಗ ಯಾರಾದರೊಬ್ಬರು ಮೊಣಕೈಗೆ ಕೈ ಕೊಡುತ್ತಾರೆ. ಊಟದ ಹೊತ್ತಿಗೆ ಚಮಚ ಕೆಳಗೆ ಬಿತ್ತು. ಚಮಚ ಎಲ್ಲರ ಕೈಯಿಂದಲೂ ಬೀಳುತ್ತದೆ. ಇವತ್ತು ನನ್ನದು ಬಿದ್ದಾಗ ಇಡೀ ಸಾಲು ಅಗಿಯುವುದನ್ನು ನಿಲ್ಲಿಸಿತು. ಹೊಸ ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅದೇ ಹುಡುಗಿ, ಅದೇ ಕೈ.

ಗೊತ್ತಾಗುವುದು ಬೇಡ ಎಂದವಳು ನಾನು. ಈಗ ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿರುವ ಹಾಗೆ ಕಾಣುತ್ತದೆ.

ಫೆಬ್ರವರಿ 13, ಮಂಗಳವಾರ

ಮೇಸ್ತ್ರಿ ಕರೆಸಿದ. ಎದುರು ಕೂತವನು ನನ್ನ ಮುಖ ನೋಡದೆ ಮೇಜಿನ ಮೇಲಿನ ಕಪ್ ತಿರುಗಿಸುತ್ತಿದ್ದ.

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಸ್ವಲ್ಪ ದಿನ ಪ್ಯಾಕಿಂಗಿಗೆ ಹೋಗು."

"ನನ್ನ ಗೆರೆ ಕೆಟ್ಟಿದ್ಯಾ?"

"ಇಲ್ಲ."

"ಒಂದಾದ್ರೂ ಕಪ್ ವಾಪಸ್ ಬಂದಿದ್ಯಾ?"

"ಇಲ್ಲಮ್ಮ. ಕೆಟ್ಟ ಮೇಲೆ ಹೇಳೋದಕ್ಕಿಂತ ಮುಂಚೇನೇ ಹೇಳೋದು ಮರ್ಯಾದೆ ಅಲ್ವಾ? ಬೇಕಿದ್ರೆ ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂತ ಚೀಟಿ ತಗೊಂಡು ಬಾ. ನಾಳೇನೇ ನಿನ್ನ ಮಣೆ ನಿನಗೆ."

ಅಂದರೆ ನನ್ನ ಕುಂಚ ಬೇಕಾದರೆ ನಾನು ತಿಳಿದುಕೊಳ್ಳಬೇಕು. ತಿಳಿದುಕೊಂಡು ಅದು ಕೆಟ್ಟ ಸುದ್ದಿಯಾದರೆ ಆ ಪ್ರಶ್ನೆಯ ಗುರುತು ಗೆರೆಯಲ್ಲಿ ಕೆಳಗಿಳಿದು ಮಗಳ ದುಂಡಿನೊಳಗೆ ಕೂರುತ್ತದೆ. ಆ ಚೀಟಿಯನ್ನೂ ಗುಮಾಸ್ತ ನಕಲು ತೆಗೆಯುತ್ತಾನೆ. ಬೀಗ ಹಾಕುತ್ತಾನೆ.

ಕುಂಚ ತೊಳೆದು ಹೊಸ ಹುಡುಗಿಗೆ ಕೊಟ್ಟೆ. "ಕಲ್ಲಾಗು," ಎಂದೆ. ಅವಳು ಅತ್ತುಬಿಟ್ಟಳು. ನನ್ನ ಸುತ್ತ ಅಳುವವರಿಗೇನೂ ಬರವಿಲ್ಲ.

ಫೆಬ್ರವರಿ 14, ಬುಧವಾರ

ಪ್ಯಾಕಿಂಗಿಗೆ ಹೋದೆ. ತುರುಕಿದೆ. ಬಂದೆ.

ಫೆಬ್ರವರಿ 25, ಭಾನುವಾರ

ಅಣ್ಣನನ್ನು ನೋಡಲು ಹೋದೆವು. ಮಗಳು ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿದ್ದಾಗ ಅಣ್ಣ ದನಿ ತಗ್ಗಿಸಿ, ಡಾಕ್ಟರ ಹತ್ತಿರ ಇನ್ನು ಹೋಗುವುದಿಲ್ಲ ಎಂದ.

"ತಲೆ ಕೆಟ್ಟಿದ್ಯಾ ನಿನಗೆ? ಕೈಕಾಲು ಅದುರೋದಕ್ಕೆ ಮಾತ್ರೆ ಕೊಡ್ತಾರೆ, ನಡೆಯೋಕೆ ಹೇಳ್ಕೊಡ್ತಾರೆ ಅಂದಿದ್ರಲ್ಲ."

"ಹೋದ್ರೆ ಇನ್ನೊಂದು ಹಾಳೆ ಬರೀತಾರೆ. ಅದು ಇನ್ನೆಲ್ಲಿಗೆ ಹೋಗುತ್ತೋ," ಎಂದ. ಕಾಲು ತಾನಾಗಿ ಅಲುಗುತ್ತಿತ್ತು. ಅದರ ಮೇಲೆ ಇನ್ನೊಂದು ಕಾಲು ಹಾಕಿ ಒತ್ತಿ ಹಿಡಿದಿದ್ದ. "ನಾನು ಬಾಯಿ ಬಿಟ್ಟಿದ್ದಕ್ಕೆ ನಿನ್ನ ಕೆಲಸ ಹೋಯ್ತು. ಅಪ್ಪನ ಹಾಗೆ ಕುಡುಕ ಅನ್ನಿಸ್ಕೊಂಡು ಓಡಾಡಿದ್ರೇ ವಾಸಿ ಇತ್ತು ಕಣೇ. ಕುಡುಕನ ತಂಗಿಗೆ ಯಾರೂ ಏನೂ ಮಾಡಲ್ಲ."

ಅವನ ಕಾಲಿನ ಮೇಲೆ ಕೈಯಿಟ್ಟೆ.

ಮಗಳು ಚಹಾ ತಂದಳು. "ಮಾವ, ನಾನು ರಿಲೇ ಟೀಮಿಗೆ ಸೇರಿದೀನಿ ಗೊತ್ತಾ? ಕೊನೇ ಓಟ ನಂದೇ," ಎಂದಳು. ಅಣ್ಣನ ಮುಖ ಅರಳಿತು. ನಾನು ತಟ್ಟೆ ನೋಡುತ್ತಿದ್ದೆ. ಕಪ್‌ನಿಂದ ಸ್ವಲ್ಪ ಚಹಾ ಕೆಳಗಿನ ಬಸಿಗೆ ಚೆಲ್ಲಿತ್ತು.

ಮಾರ್ಚ್ 5, ಮಂಗಳವಾರ

ಮಗಳ ಕೈಯಿಂದ ಗಾಜಿನ ಲೋಟ ಬಿದ್ದು ಒಡೆಯಿತು. ಸೋಪು ಜಾರಿತಂತೆ. ಬಲಗೈ.

ಮಾರ್ಚ್ 9, ಶನಿವಾರ

ಬೂಟಿನ ದಾರ ಕಟ್ಟಲು ಹೊತ್ತು ತೆಗೆದುಕೊಂಡಳು. ಕಟ್ಟುವಾಗ ಹಾಡು ಗುನುಗುತ್ತಿದ್ದಳು, ಅದಕ್ಕೇ ಇರಬಹುದು. ಮೊದಲೂ ಹೀಗೇ ಗುನುಗುತ್ತಿದ್ದಳೇ? ನೆನಪಿಗೆ ಬರುತ್ತಿಲ್ಲ. ಡಾಕ್ಟರು, ಮಕ್ಕಳಿಗೆ ಇಷ್ಟು ಬೇಗ ಬರುವುದು ತೀರ ಅಪರೂಪ ಎಂದಿದ್ದರು. ಅಪರೂಪ ಎಂದರು, ಇಲ್ಲ ಎನ್ನಲಿಲ್ಲ.

ಮಾರ್ಚ್ 12, ಮಂಗಳವಾರ

ಬಸ್ಸಿನ ಮೆಟ್ಟಿಲಲ್ಲಿ ಎಡವಿದಳು. ಎಡಗಾಲು. ಅವಳ ಹಿಂದೆ ಇಳಿದ ಇಬ್ಬರೂ ಅಲ್ಲೇ ಎಡವಿದರು, ಆದರೂ ಬರೆದಿಟ್ಟಿರುವುದು ಒಳ್ಳೆಯದು. ಶಾಲೆಯ ನೋಟ್‌ಬುಕ್ ತೆಗೆದು ಹೋದ ವರ್ಷದ ಅಕ್ಷರದ ಪಕ್ಕ ಈ ವರ್ಷದ ಅಕ್ಷರ ಇಟ್ಟು ನೋಡಿದೆ. ಈ ವರ್ಷದ್ದು ಸ್ವಲ್ಪ ಓರೆ.

"ಅಮ್ಮಾ, ನನ್ನ ಬ್ಯಾಗಲ್ಲಿ ಏನು ಹುಡುಕ್ತಿದೀಯಾ?"

"ಏನಿಲ್ಲ. ಡಬ್ಬಿ ತೊಳೆಯೋಣ ಅಂತ."

"ನೀನು ಯಾಕೆ ಯಾವಾಗ್ಲೂ ನನ್ನ ಹಿಂದೇನೇ ಇರ್ತೀಯಾ?"

ತಾಯಿ ಮಗಳ ಹಿಂದೆ ಇರದೆ ಇನ್ನೆಲ್ಲಿರಬೇಕು? ಈ ವಯಸ್ಸಿನ ಮಕ್ಕಳಿಗೆ ಎಲ್ಲದಕ್ಕೂ ಸಿಡಿಮಿಡಿ. ಸಿಡಿಮಿಡಿಯನ್ನೂ ಗಮನಿಸಬೇಕು, ಅಪ್ಪನಿಗೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

ಮಾರ್ಚ್ 16, ಶನಿವಾರ

ಶಾಲೆಯ ಮೈದಾನಕ್ಕೆ ಹೋಗಿ ತಂತಿ ಬೇಲಿಯ ಆಚೆ ನಿಂತು ಅಭ್ಯಾಸ ನೋಡಿದೆ. ಓಡುವುದು ಚೆನ್ನಾಗಿಯೇ ಓಡುತ್ತಾಳೆ, ಅವಳ ಮುಂದೆ ಗಾಳಿಯೂ ಸ್ವಲ್ಪ ಸರಿದು ದಾರಿ ಬಿಡಬೇಕು. ಆದರೆ ಹಿಂದಿನವಳು ಕೊಟ್ಟ ಕೋಲು ಒಂದು ಸಲ ಕೈತಪ್ಪಿತು. ಬಲಗೈಯೇ.

ತಡೆಯಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಆಟದ ಟೀಚರನ್ನು ಪಕ್ಕಕ್ಕೆ ಕರೆದು ಮಾತಾಡಿದೆ. ಒಳ್ಳೆಯ ಹೆಂಗಸು, ಮಗಳು ದಿನಕ್ಕೆ ಹತ್ತು ಸಲ ಅವರ ಮಾತೇ ಆಡುತ್ತಾಳೆ. ಪೂರ್ತಿ ಹೇಳಲಿಲ್ಲ. ನಮ್ಮ ಮನೆಯಲ್ಲಿ ಒಂದು ನರದ ತೊಂದರೆ ಹರಿದುಬಂದಿದೆ, ಅಣ್ಣನಿಗಿದೆ, ಇವಳ ಮೇಲೆ ಒಂದು ಕಣ್ಣಿಡಿ, ಕೈಯೋ ಕಾಲೋ ಏನಾದರೂ ಬೇರೆ ಥರ ಕಂಡರೆ ನನಗೆ ತಿಳಿಸಿ ಎಂದೆ, ಅಷ್ಟೆ.

"ನಮ್ಮವರು ಅಂತ ನಿಮಗೆ ಮಾತ್ರ ಹೇಳ್ತಿದೀನಿ ಟೀಚರ್. ಅವಳ ಕಿವಿಗೆ ಬೀಳೋದು ಬೇಡ."

"ಛೆ ಛೆ, ನನ್ನ ಹೊಟ್ಟೇಲಿ ಹಾಕ್ಕೋತೀನಿ. ನೀವು ಧೈರ್ಯವಾಗಿರಿ," ಎಂದು ಭುಜ ಹಿಡಿದರು. ಕಣ್ಣಲ್ಲಿ ನೀರಿತ್ತು.

ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು. ಬರುವಾಗ ದಾರಿಯಲ್ಲಿ ಅವಳಿಗೆ ಹೊಸ ಬೂಟು ನೋಡಿದೆ. ದಾರ ಕಟ್ಟುವುದು ಬೇಡದಂಥದ್ದು.

ಮಾರ್ಚ್ 20, ಬುಧವಾರ

ಪ್ಯಾಕಿಂಗಿನಿಂದ ಬಂದಾಗ ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ದೀಪ ಹಾಕಿರಲಿಲ್ಲ, ಬೂಟು ಬಿಚ್ಚಿರಲಿಲ್ಲ.

"ಟೀಚರ್ ನನ್ನನ್ನ ಟೀಮಿಂದ ತೆಗೆದ್ರು," ಎಂದಳು. "ಕೋಲು ಬೀಳಿಸಿದ್ದಕ್ಕಾ ಅಂದೆ. ಅಲ್ಲ, ನಿನ್ನ ಒಳ್ಳೇದಕ್ಕೇ ಅಂದ್ರು. ಓಡೋ ಹುಡುಗೀರೆಲ್ಲ ನಾನು ಹೋದ್ರೆ ಸುಮ್ಮನಾಗಿಬಿಡ್ತಾರೆ. ನನ್ನ ಬಾಟಲಿ ಮುಚ್ಚಳ ಅವರೇ ತೆಗೆದುಕೊಡ್ತಾರೆ ಅಮ್ಮ. ನಾನು ಕೇಳೇ ಇಲ್ಲ."

ಟೀಚರ ಬಾಯಿ ಇಷ್ಟು ಸಡಿಲ ಎಂದು ನನಗೇನು ಗೊತ್ತಿತ್ತು? ಅಥವಾ ಅವರಲ್ಲದೆಯೂ ಇರಬಹುದು. ಗುಮಾಸ್ತನ ಮಗಳು ಅದೇ ಶಾಲೆ. ರೇಡಿಯೊ ಅಕ್ಕನ ಮೊಮ್ಮಗನೂ ಅಲ್ಲೇ. ಎಲ್ಲೋ ಒಡೆದ ಪೆಟ್ಟಿಗೆಯ ಕಾಗದ ಹಾರಿ ಬಂದಿದ್ದರೂ ಬಂದಿರಬಹುದು. ಯಾರೆಂದು ಹಿಡಿಯಲಿ, ಯಾರ ಬಾಯಿ ಮುಚ್ಚಿಸಲಿ? ನಾನು ಹೇಳಿದ್ದು ಅವಳ ಒಳ್ಳೆಯದಕ್ಕೆ. ಇದನ್ನು ಬರೆದ ಮೇಲೆ ಇನ್ನೊಂದು ಸಲ ಓದಿದೆ.

"ಅಮ್ಮಾ, ನನಗೇನಾಗಿದೆ?"

"ಏನೂ ಆಗಿಲ್ಲ."

"ಮತ್ತೆ ಎಲ್ಲರೂ ನನ್ನ ಕೈ ಯಾಕೆ ನೋಡ್ತಾರೆ? ನೀನೂ ನೋಡ್ತೀಯಾ. ಲೋಟ ಒಡೆದ ದಿನದಿಂದ ನೋಡ್ತಿದೀಯಾ. ನನಗೆ ಗೊತ್ತಾಗಲ್ಲ ಅಂದ್ಕೊಂಡಿದೀಯಾ?"

ಅವಳು ಎದ್ದು ದೀಪ ಹಾಕಿದಳು. ವಾಪಸು ಬಂದು ಎರಡು ಕೈಗಳನ್ನೂ ಚಾಚಿ, ಬೆರಳು ಬಿಡಿಸಿ, ನನ್ನ ಮುಂದೆ ಹಿಡಿದಳು.

"ನೋಡು. ಸರಿಯಾಗಿ ನೋಡಿ ಹೇಳು."

ನಡುಗುತ್ತಿದ್ದವು. ಅಳುವಾಗ ಯಾರ ಕೈಯಾದರೂ ನಡುಗುತ್ತದೆ, ಅದು ನನಗೆ ಗೊತ್ತು. ಆ ಕೈಗಳನ್ನು ಹಿಡಿದುಕೊಂಡು ಅವಳ ಮುಖ ನೋಡಿದ್ದರೆ ಸಾಕಾಗಿತ್ತು. ಬಲಗೈ ಹೆಚ್ಚು ನಡುಗುತ್ತಿದೆಯೋ ಎಡಗೈಯೋ ಎಂದು ನಾನು ನೋಡುತ್ತ ನಿಂತೆ. ನಾನು ನೋಡುವುದನ್ನು ಅವಳು ನೋಡಿದಳು. ಆಮೇಲೆ ಎರಡೂ ಕೈಗಳನ್ನು ನಿಧಾನವಾಗಿ ಬೆನ್ನ ಹಿಂದೆ ತೆಗೆದುಕೊಂಡಳು.